ಎಂಜಿಬಿ ಜಿಟಿಗೆ ರೋವರ್ ವಿ8 ಎಂಜಿನ್: ಕೆಲಸದ ದಾಖಲೆ

ಕಾರು ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರಾದ 1978ರ ಎಂಜಿಬಿ ಜಿಟಿ, ರಬ್ಬರ್ ಬಂಪರಿನದು. ಅದರಲ್ಲಿದ್ದದ್ದು ಕಾರ್ಖಾನೆಯಿಂದಲೇ ಬಂದ 1798 ಸಿಸಿಯ ನಾಲ್ಕು ಸಿಲಿಂಡರಿನ ಬಿ-ಸೀರೀಸ್ ಎಂಜಿನ್. ಈಗ ಕೂರಿಸಿರುವುದು ರೋವರ್ ಎಸ್‌ಡಿ1 ಕಾರಿನ 3528 ಸಿಸಿಯ ವಿ8 (ವಿ ಆಕಾರದಲ್ಲಿ ಎರಡು ಸಾಲಾಗಿ ಎಂಟು ಸಿಲಿಂಡರುಗಳಿರುವ ಎಂಜಿನ್) ಮತ್ತು ಅದೇ ಕಾರಿನ ಎಲ್‌ಟಿ77 ಎಂಬ ಐದು ಗೇರಿನ ಗೇರ್‌ಬಾಕ್ಸ್. ಕೆಲಸವೆಲ್ಲ ನಡೆದದ್ದು ಆಕ್ಸ್‌ಫರ್ಡ್‌ಶೈರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ. ಎಂಜಿಬಿಗಳು 1962ರಿಂದ 1980ರವರೆಗೆ ತಯಾರಾದ ಆಬಿಂಗ್ಡನ್ ಇದೇ ಜಿಲ್ಲೆಯಲ್ಲಿರುವುದರಿಂದ, ಬಿಡಿಭಾಗಗಳಿಗೂ ತಿಳಿದವರ ಸಲಹೆಗೂ ಹೆಚ್ಚು ಅಲೆಯಬೇಕಾಗಲಿಲ್ಲ. ಇಂಥ ಕೆಲಸಕ್ಕೆ ಕೈಹಾಕಬೇಕೆಂದಿರುವ ಕನ್ನಡಿಗರಿಗೆ ಅನುಕೂಲವಾಗಲೆಂದು ಅಳತೆ, ಖರ್ಚು ಮತ್ತು ಹೊಂದದೆ ಹೋದ ಭಾಗಗಳ ಸಮೇತ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ಈ ಕಾರಿನಲ್ಲಿ ಎಂಜಿನ್ ಕೂರಿಸುವುದು ಅಂಥ ಕಷ್ಟದ ಕೆಲಸವಲ್ಲ. ಎಂಟು ಸಿಲಿಂಡರುಗಳ ಬಿಸಿಯನ್ನು ಆ ಇಕ್ಕಟ್ಟಾದ ಜಾಗದಿಂದ ಹೊರಗೆ ಸಾಗಿಸುವುದೇ ನಿಜವಾದ ಕೆಲಸ, ಮತ್ತು ಹಣವೂ ಸಮಯವೂ ಹೋಗುವುದು ಅಲ್ಲಿಗೇ.

ಹಂತ 1: ಈ ಕಾರು, ಈ ಎಂಜಿನ್ ಏಕೆ

ಎಂಜಿ ಕಂಪನಿಯೇ 1973ರಿಂದ 1976ರವರೆಗೆ ಎಂಜಿಬಿ ಜಿಟಿ ವಿ8 ಎಂಬ ಮಾದರಿಯನ್ನು ತಯಾರಿಸಿತ್ತು. ಒಟ್ಟು 2,591 ಕಾರುಗಳು ಹೊರಬಂದವು. ಅದಕ್ಕೂ ಮೊದಲೇ ಕೆನ್ ಕಾಸ್ಟೆಲೊ ಎಂಬವರು ಇದೇ ಎಂಜಿನನ್ನು ಎಂಜಿಬಿಯಲ್ಲಿ ಕೂರಿಸಿ ಮಾರುತ್ತಿದ್ದರು. 1974ರ ಕೊನೆಯಲ್ಲಿ ರಬ್ಬರ್ ಬಂಪರಿನ ಮಾದರಿ ಬಂದಾಗ, ವಿ8ಗಾಗಿ ಒಳಮಡ್ಗಾರ್ಡು ಮತ್ತು ಎಂಜಿನ್ ಮೌಂಟಿಂಗುಗಳಲ್ಲಿ ಮಾಡಿದ್ದ ಬದಲಾವಣೆಗಳು ನಾಲ್ಕು ಸಿಲಿಂಡರಿನ ಕಾರುಗಳ ಬಾಡಿಗೂ ಬಂದವು. ಹಾಗಾಗಿ ಹಳೆಯ ಕ್ರೋಮ್ ಬಂಪರಿನ ಎಂಜಿಬಿಯಲ್ಲಿ ಕತ್ತರಿಸಿ ಬೆಸೆಯಬೇಕಾದ ಎಷ್ಟೋ ಜಾಗಗಳು ಇದರಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ನೋಡಲು ಕ್ರೋಮ್ ಬಂಪರೇ ಚೆಂದವೆಂದು ಅನೇಕರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಈ ಕೆಲಸಕ್ಕೆ ರಬ್ಬರ್ ಬಂಪರಿನ ಕಾರನ್ನೇ ಆರಿಸಿಕೊಳ್ಳಬೇಕು. ಅದರಲ್ಲೂ 1976ರ ನಂತರದ ಕಾರುಗಳಲ್ಲಿ ರೇಡಿಯೇಟರು ಇನ್ನಷ್ಟು ಮುಂದಕ್ಕೆ ಸರಿದು, ವಿದ್ಯುತ್ ಫ್ಯಾನ್ ಬಂದಿರುತ್ತದೆ. ವಿ8ಗೆ ಬೇಕಾದದ್ದೂ ಅದೇ.

ಎಂಜಿನ್ ಮೂಲತಃ ಅಮೆರಿಕದ ಬ್ಯೂಯಿಕ್ ಕಂಪನಿಯದು. 1961ರಲ್ಲಿ ಬಂದ ಅವರ ಅಲ್ಯೂಮಿನಿಯಂ ವಿ8ಯ ಹಕ್ಕನ್ನು ರೋವರ್ ಪಡೆದುಕೊಂಡು 1967ರಿಂದ ತನ್ನ ಕಾರುಗಳಲ್ಲಿ ಬಳಸಿತು. ಬೋರ್ 88.9 ಮಿ.ಮೀ., ಸ್ಟ್ರೋಕ್ 71.12 ಮಿ.ಮೀ. ಎಸ್‌ಡಿ1ರಲ್ಲಿ ಇದರ ಶಕ್ತಿ 155 ಅಶ್ವಶಕ್ತಿ. ಬ್ಲಾಕ್ ಮತ್ತು ಹೆಡ್ ಎರಡೂ ಅಲ್ಯೂಮಿನಿಯಂ ಆದ್ದರಿಂದ, ಗಾತ್ರ ಹೆಚ್ಚುಕಡಿಮೆ ಎರಡರಷ್ಟಾದರೂ ಕಾರಿನ ಮೂತಿಯ ಮೇಲೆ ಹೆಚ್ಚಿನ ಭಾರ ಬೀಳುವುದಿಲ್ಲ. ಸ್ಪ್ರಿಂಗುಗಳನ್ನು ಬದಲಾಯಿಸುವ ಅಗತ್ಯವೂ ಬರಲಿಲ್ಲ.

ಇಳಿಸಿದ ಹಳೆಯ ಎಂಜಿನಿನ ಬಗ್ಗೆ ಒಂದು ಮಾತು. ನಮ್ಮೂರಿನ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಬಿ-ಸೀರೀಸ್ ವಂಶದ್ದು. ಹಾಸನದಲ್ಲಿ ಅಂಬಾಸಿಡರಿನ ಬಾನೆಟ್ ಎತ್ತಿ ನೋಡಿ ಬೆಳೆದವನಿಗೆ ಎಂಜಿಬಿಯ ಎಂಜಿನಿನಲ್ಲಿ ಯಾವ ಭಾಗ ಎಲ್ಲಿದೆಯೆಂದು ಯಾರೂ ತೋರಿಸಬೇಕಾಗಿರಲಿಲ್ಲ. ಅದು ಕೆಟ್ಟಿರಲಿಲ್ಲ. ಓವರ್‌ಡ್ರೈವ್ ಇದ್ದ ಗೇರ್‌ಬಾಕ್ಸಿನ ಸಮೇತ 550 ಪೌಂಡಿಗೆ ಇನ್ನೊಬ್ಬ ಎಂಜಿಬಿ ಮಾಲೀಕರಿಗೆ ಕೊಟ್ಟೆ.

ಹಂತ 2: ವಿ8 ಬಿಚ್ಚಿ ನೋಡಿದ್ದು (ಅಕ್ಟೋಬರ್)

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿ 1,400 ಪೌಂಡ್. ಓಡುವ ಸ್ಥಿತಿಯಲ್ಲಿದೆ ಎಂದು ಮಾರಿದವರು ಹೇಳಿದ್ದರೂ ಬಿಚ್ಚದೆ ಹಾಕುವುದು ಸರಿಯಲ್ಲವೆಂದು ಸ್ಟ್ಯಾಂಡಿಗೆ ಏರಿಸಿದೆ. ಸಕಾಲಕ್ಕೆ ಆಯಿಲ್ ಬದಲಾಯಿಸದ ರೋವರ್ ವಿ8ಗಳಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ಸವೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಇನ್‌ಲೆಟ್ ಮ್ಯಾನಿಫೋಲ್ಡ್ ತೆಗೆದು ಅದರಡಿಯ ತಗಡಿನ ಗ್ಯಾಸ್ಕೆಟ್ ಎತ್ತಿದಾಗ, ಸಿಲಿಂಡರುಗಳ ಎರಡು ಸಾಲುಗಳ (ಬ್ಯಾಂಕುಗಳ) ನಡುವಿನ ಕಣಿವೆಯಲ್ಲಿ ಕಪ್ಪು ಮಡ್ಡಿ ಬೆರಳುಗಾತ್ರ ದಪ್ಪಗೆ ಕೂತಿತ್ತು. ಕ್ಯಾಮಿನ ಮೇಲೆ ಕೂತು ವಾಲ್ವುಗಳಿಗೆ ಚಲನೆ ಕೊಡುವ ಟ್ಯಾಪೆಟ್ಟುಗಳನ್ನು ಹೊರತೆಗೆದು ತಿರುವಿ ನೋಡಿದರೆ, ಸ್ವಲ್ಪ ಉಬ್ಬಿರಬೇಕಾದ ತಳ ಕೆಲವದರಲ್ಲಿ ತಗ್ಗಾಗಿ ಗೀರು ಬಿದ್ದಿತ್ತು. ಟೈಮಿಂಗ್ ಚೈನನ್ನು ಬೆರಳಲ್ಲಿ ಒತ್ತಿದರೆ ಸಡಿಲವಾಗಿ ಆಡುತ್ತಿತ್ತು.

ಬೋರುಗಳು ಚೆನ್ನಾಗಿದ್ದವು, ಮೇಲಂಚಿನಲ್ಲಿ ಉಗುರಿಗೆ ಸಿಗುವಂಥ ಏಣು ಇರಲಿಲ್ಲ. ಕ್ರ್ಯಾಂಕ್ ಶಾಫ್ಟಿಗೆ ಪಾಲಿಶ್ ಮಾತ್ರ ಸಾಕಾಯಿತು. ಹೊಸ ಕ್ಯಾಮ್, ಟ್ಯಾಪೆಟ್, ಚೈನ್, ಪಿಸ್ಟನ್ ರಿಂಗ್, ಬೇರಿಂಗ್ ಶೆಲ್, ಆಯಿಲ್ ಪಂಪಿನ ಗೇರು ಮತ್ತು ಗ್ಯಾಸ್ಕೆಟ್ಟುಗಳಿಗೆ ಒಟ್ಟು 690 ಪೌಂಡ್ ಆಯಿತು. ಕ್ರ್ಯಾಂಕ್ ಪಾಲಿಶ್, ಹೆಡ್ ಸಮತಟ್ಟು ಮಾಡಿಸಿದ್ದು ಮತ್ತು ವಾಲ್ವ್ ಕೂರಿಸಿದ್ದಕ್ಕೆ ಮಶೀನ್ ಶಾಪಿನವರು 320 ಪೌಂಡ್ ತೆಗೆದುಕೊಂಡರು.

ಇಲ್ಲಿ ಕಾಡಿದ್ದು ವಾಟರ್ ಪಂಪಿನ ಬೋಲ್ಟುಗಳು. ಅಲ್ಯೂಮಿನಿಯಂ ಟೈಮಿಂಗ್ ಕವರಿನಲ್ಲಿ ಕೂತ ಉಕ್ಕಿನ ಉದ್ದ ಬೋಲ್ಟುಗಳು ನೀರಿನ ತೇವಕ್ಕೆ ಕಚ್ಚಿಕೊಂಡುಬಿಡುತ್ತವೆ. ಕಾಯಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದು ರಾತ್ರಿ ಬಿಟ್ಟರೂ ಎರಡು ಬೋಲ್ಟುಗಳ ತಲೆ ಕಿತ್ತುಬಂತು. ಉಳಿದ ತುಂಡುಗಳಿಗೆ ಎಡಸುತ್ತಿನ ಡ್ರಿಲ್ ಬಿಟ್ ಹಾಕಿದಾಗ ಒಂದು ತಾನಾಗಿ ತಿರುಗಿ ಹೊರಬಂತು; ಇನ್ನೊಂದನ್ನು ಪೂರ್ತಿ ಕೊರೆದು ತೆಗೆದು ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿಸುರುಳಿ) ಕೂರಿಸಿದೆ. ಎಂಜಿನ್ ಅಮೆರಿಕದ ವಿನ್ಯಾಸವಾದ್ದರಿಂದ ಬ್ಲಾಕಿನ ಥ್ರೆಡ್ಡುಗಳು ಯುಎನ್‌ಸಿ (ಅಂಗುಲದ ಅಳತೆಯ ದೊಡ್ಡ ಸುತ್ತು), ಎಂಜಿಬಿಯ ಬಾಡಿಯಲ್ಲಿರುವುದು ಬಹುಪಾಲು ಯುಎನ್‌ಎಫ್ (ಅಂಗುಲದ ಅಳತೆಯ ಸಣ್ಣ ಸುತ್ತು), ಎಲ್‌ಟಿ77 ಗೇರ್‌ಬಾಕ್ಸಿನದು ಮೆಟ್ರಿಕ್. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಹೆಸರು ಬರೆದ ಪೊಟ್ಟಣದಲ್ಲಿ ಹಾಕಿಟ್ಟಿದ್ದರಿಂದ ಜೋಡಿಸುವಾಗ ಗೋಜಲಾಗಲಿಲ್ಲ. ಅಲ್ಯೂಮಿನಿಯಂ ಥ್ರೆಡ್ಡಿಗೆ ತಪ್ಪು ಬೋಲ್ಟ್ ಹೋದರೆ ಅಲ್ಲಿಗೂ ಹೆಲಿಕಾಯಿಲೇ ಗತಿ.

ಹಂತ 3: ಜೋಡಣೆ

ಹಳೆಯ ತಗಡಿನ ಹೆಡ್ ಗ್ಯಾಸ್ಕೆಟ್ಟಿನ ದಪ್ಪ ಸುಮಾರು ಅರ್ಧ ಮಿ.ಮೀ.; ಈಗ ಸಿಗುವ ಕಾಂಪೋಸಿಟ್ ಗ್ಯಾಸ್ಕೆಟ್ ಸುಮಾರು 1.2 ಮಿ.ಮೀ. ಅದನ್ನು ಹಾಗೆಯೇ ಹಾಕಿದರೆ ಕಂಪ್ರೆಶನ್ ಇಳಿಯುತ್ತದೆ, ರಾಕರುಗಳು ಮೇಲೇರಿ ಹೈಡ್ರಾಲಿಕ್ ಟ್ಯಾಪೆಟ್ಟಿನ ಮೇಲಿನ ಒತ್ತು ಕಡಿಮೆಯಾಗುತ್ತದೆ. ಇದನ್ನು ಸರಿದೂಗಿಸಲು ಹೆಡ್ಡುಗಳಿಂದ 0.6 ಮಿ.ಮೀ. ತೆಗೆಸಿದ್ದೆ. ಜೋಡಿಸಿದ ಮೇಲೆ ಪ್ರತಿ ಟ್ಯಾಪೆಟ್ಟಿನ ಒಳಗುಂಡಿ ಎಷ್ಟು ಕೆಳಗಿಳಿದಿದೆಯೆಂದು ಅಳೆದಾಗ 0.7ರಿಂದ 1.2 ಮಿ.ಮೀ. ಬಂತು. 0.5ರಿಂದ 1.5 ಮಿ.ಮೀ. ಒಳಗಿದ್ದರೆ ಸರಿ. ಅಳೆಯದೆ ಮುಂದೆ ಹೋಗುವವರು ಆಮೇಲೆ ಟ್ಯಾಪೆಟ್ ಸದ್ದಿಗೆ ಕಾರಣ ಹುಡುಕುತ್ತ ಕೂರಬೇಕಾಗುತ್ತದೆ.

ಬಿಗಿತದ ಅಳತೆಗಳು: ಕನೆಕ್ಟಿಂಗ್ ರಾಡ್ 35ರಿಂದ 40 ಪೌಂಡ್-ಅಡಿ, ಮೇನ್ ಬೇರಿಂಗುಗಳು 50ರಿಂದ 55, ಕೊನೆಯ ಮೇನ್ ಮಾತ್ರ 65ರಿಂದ 70. ಹೆಡ್ ಬೋಲ್ಟುಗಳು 65ರಿಂದ 70. ಈ ಹಳೆಯ ಹೆಡ್ಡುಗಳಲ್ಲಿ ತಲಾ 14 ಬೋಲ್ಟುಗಳಿದ್ದು, ಎಕ್ಸಾಸ್ಟ್ ಕಡೆಯ ಹೊರಸಾಲನ್ನೂ ಅಷ್ಟೇ ಬಿಗಿ ಮಾಡಿದರೆ ಹೆಡ್ ಹೊರಕ್ಕೆ ವಾಲಿದಂತಾಗಿ ಕಣಿವೆಯ ಕಡೆ ಗ್ಯಾಸ್ಕೆಟ್ ಸೋರುತ್ತದೆ. ಆದ್ದರಿಂದ ಹೊರಸಾಲನ್ನು 40ಕ್ಕೇ ನಿಲ್ಲಿಸಿದೆ. ಇದು ಬಲ್ಲವರೆಲ್ಲ ಅನುಸರಿಸುವ ಕ್ರಮ. 1994ರ ನಂತರ ರೋವರ್ ಕೂಡ ಆ ಸಾಲನ್ನೇ ಕೈಬಿಟ್ಟು ಹತ್ತು ಬೋಲ್ಟಿನ ಹೆಡ್ ಮಾಡಿತು.

ಆಯಿಲ್ ಪಂಪಿನ ವಿಷಯದಲ್ಲಿ ಎಚ್ಚರ ಬೇಕು. ಒಣಗಿದ ಗೇರ್ ಪಂಪು ಸಂಪಿನಿಂದ ತಾನಾಗಿ ಎಣ್ಣೆ ಎಳೆಯುವುದಿಲ್ಲ. ಪಂಪಿನ ಮುಚ್ಚಳ ಹಾಕುವ ಮೊದಲು ಗೇರುಗಳ ಸುತ್ತ ಸಂದು ಬಿಡದಂತೆ ಪೆಟ್ರೋಲಿಯಂ ಜೆಲ್ಲಿ ತುಂಬಿದೆ. ಗ್ರೀಸ್ ತುಂಬಬಾರದು, ಅದು ಕರಗದೆ ಆಯಿಲ್ ದಾರಿಯಲ್ಲಿ ಕಟ್ಟಿಕೊಳ್ಳುತ್ತದೆ. ಎಸ್‌ಡಿ1ರಲ್ಲಿ ಆಯಿಲ್ ಫಿಲ್ಟರು ಎಂಜಿನಿನ ಮುಂದೆ ಕೆಳಮುಖವಾಗಿ ನೇತಾಡುತ್ತದೆ, ಎಂಜಿಬಿಯಲ್ಲಿ ಅದಕ್ಕೆ ಜಾಗವಿಲ್ಲ. ಪಂಪಿಗೆ ಬೇರೆ ತಳ ಹಾಕಿ, ಎರಡು ಪೈಪುಗಳ ಮೂಲಕ ಫಿಲ್ಟರನ್ನು ಒಳಮಡ್ಗಾರ್ಡಿಗೆ ಕೂರಿಸಿದೆ.

ಹಂತ 4: ಟನೆಲ್ ಮತ್ತು ಮೌಂಟಿಂಗ್ (ಜನವರಿ)

ಬಾಡಿಯ ಮೌಂಟಿಂಗುಗಳು ಸಿದ್ಧವಿದ್ದರೂ ಎಲ್‌ಟಿ77 ಅಗಲವಾದ ಗೇರ್‌ಬಾಕ್ಸ್. ಖಾಲಿ ಬ್ಲಾಕಿಗೆ ಗೇರ್‌ಬಾಕ್ಸ್ ಕಟ್ಟಿ ಮೊದಲು ಇಳಿಸಿ ನೋಡಿದಾಗ ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ಎರಡೂ ಭುಜಗಳು ಟನೆಲ್ಲಿಗೆ (ಗೇರ್‌ಬಾಕ್ಸ್ ಕೂರಲು ಕಾರಿನ ನೆಲದಲ್ಲಿರುವ ಉಬ್ಬಿಗೆ) ತಾಗಿದವು. ತಾಗುವ ಕಡೆ ಸೀಮೆಸುಣ್ಣ ಬಳಿದು, ಎತ್ತಿ, ಗುರುತು ಬಿದ್ದ ಜಾಗವನ್ನು ಸುತ್ತಿಗೆಯಿಂದ ತಗ್ಗಿಸಿದೆ. ಎಡಗಡೆ ಅದು ಸಾಕಾಯಿತು. ಬಲಗಡೆ ತಗಡು ಇನ್ನು ಹಿಗ್ಗದೆ ಬಿರುಕು ಕಾಣಿಸಿದ್ದರಿಂದ ಆ ಭಾಗವನ್ನು ಕತ್ತರಿಸಿ 1.2 ಮಿ.ಮೀ. ತಗಡಿನಲ್ಲಿ ಉಬ್ಬಿದ ತೇಪೆ ಬೆಸೆಯಬೇಕಾಯಿತು. ಸುತ್ತಲೂ ಕನಿಷ್ಠ 12 ಮಿ.ಮೀ. ಬಿಡುವು ಇಟ್ಟುಕೊಂಡಿದ್ದೇನೆ, ರಬ್ಬರ್ ಮೌಂಟಿಂಗಿನ ಮೇಲೆ ವಿ8 ಪಕ್ಕಕ್ಕೆ ಹೊರಳುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೇರ್ ಲಿವರ್ ಹಳೆಯ ರಂಧ್ರಕ್ಕೆ ನೇರವಾಗಿ ಬರಲಿಲ್ಲವಾದ್ದರಿಂದ ರಂಧ್ರವನ್ನೂ ಹಿಗ್ಗಿಸಿದೆ. ಗೇರ್‌ಬಾಕ್ಸಿನ ಕೆಳಗಿನ ಅಡ್ಡಪಟ್ಟಿ, ಎಂಜಿನ್ ಮೌಂಟಿಂಗ್, ಫಿಲ್ಟರಿನ ಕಿಟ್ ಮತ್ತು ಪೈಪುಗಳು ಸೇರಿ 380 ಪೌಂಡ್.

ಅಂತಿಮವಾಗಿ ಇಳಿಸುವ ದಿನ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಟ್ಟಿಗೆ, ಬಾಲ ಕೆಳಗೆ ಮಾಡಿ, ಕ್ರೇನಿನಲ್ಲಿ ಮೇಲಿನಿಂದಲೇ ಇಳಿಸಿದೆವು. ನನ್ನ ಹೆಂಡತಿ ಕಾರಿನೊಳಗೆ ಕುಳಿತು ಟನೆಲ್ಲಿನ ರಂಧ್ರದಿಂದ ಟಾರ್ಚ್ ಬಿಟ್ಟು, “ಇನ್ನೊಂದು ಚೂರು ಬಲಕ್ಕೆ ತನ್ನಿ, ನಿಲ್ಲಿಸಿ, ಈಗ ಇಳಿಸಿ” ಎಂದು ಹೇಳುತ್ತಾ ಹೋದಳು. ಒಬ್ಬರೇ ಮಾಡುವ ಕೆಲಸವಲ್ಲ ಇದು. ಕ್ರೇನಿನ ಕೈ ಹಿಡಿದವರಿಗೆ ಬಾಲ ಎಲ್ಲಿದೆಯೆಂದು ಕಾಣುವುದೇ ಇಲ್ಲ.

ಹಂತ 5: ಎಕ್ಸಾಸ್ಟ್, ಹೊಂದದ ಮೊದಲ ಜೋಡಿ

ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಎರಡು ದಾರಿಗಳಿವೆ. ಒಂದು, ಬ್ಲಾಕಿಗೆ ಅಂಟಿಕೊಂಡಂತೆ ಕೆಳಗಿಳಿಯುವ ಕೊಳವೆಗಳು. ಇನ್ನೊಂದು, ಒಳಮಡ್ಗಾರ್ಡಿನಲ್ಲಿ ರಂಧ್ರ ಕೊರೆದು ಚಕ್ರದ ಕಡೆಗೆ ಹಾಯಿಸುವ ಕೊಳವೆಗಳು; ಎಂಜಿ ತಾನೇ 1992ರಲ್ಲಿ ತಂದ ಆರ್‌ವಿ8 ಕಾರಿನಲ್ಲಿ ಬಳಸಿದ್ದು ಈ ಎರಡನೆಯ ಕ್ರಮವನ್ನು. ಬಾಡಿಯನ್ನು ಕೊರೆಯದೆ ಆಗುವುದಾದರೆ ಆಗಲೆಂದು ಮೊದಲ ಬಗೆಯ ಒಂದು ಜೋಡಿಯನ್ನು 160 ಪೌಂಡಿಗೆ ತಂದು ಹಾಕಿದೆ.

ಇಲ್ಲಿಯ ಕಾರುಗಳಲ್ಲಿ, ನಮ್ಮಲ್ಲಿಯಂತೆಯೇ, ಸ್ಟಿಯರಿಂಗ್ ಬಲಗಡೆ. ಅದರ ಶಾಫ್ಟು ಬಲಬ್ಯಾಂಕಿನ ಪಕ್ಕದಲ್ಲೇ ಹಾದುಹೋಗುತ್ತದೆ. ಮ್ಯಾನಿಫೋಲ್ಡ್ ಬಿಗಿದ ಮೇಲೆ ಶಾಫ್ಟಿನ ಜಾಯಿಂಟಿಗೂ ಮೂರನೆಯ ಕೊಳವೆಗೂ ನಡುವೆ ಫೀಲರ್ ಗೇಜ್ ತೂರಿಸಿ ನೋಡಿದೆ: ಎರಡು ಮಿ.ಮೀ. ಕೂಡ ಇರಲಿಲ್ಲ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಜಾಯಿಂಟಿನ ಮೂಲೆ ಒಂದು ಕಡೆ ಕೊಳವೆಯನ್ನು ಸವರಿ, ಹೊಸ ಲೇಪದ ಮೇಲೆ ಹೊಳೆಯುವ ಸಣ್ಣ ಗೆರೆ ಎಳೆಯಿತು. ಮೌಂಟಿಂಗಿನ ಕೆಳಗೆ 3 ಮಿ.ಮೀ. ಪಟ್ಟಿ ಇಟ್ಟು ಎಂಜಿನನ್ನು ಎಡಕ್ಕೆ ಸರಿಸಿ ನೋಡಿದರೆ, ಎಡಗಡೆಯ ಕೊಳವೆ ಬಾಡಿಯ ಉದ್ದ ತೊಲೆಗೆ (ಚಾಸಿ ಲೆಗ್) ತಾಗಿತು. ಕೊಳವೆಯನ್ನು ಕಾಯಿಸಿ ತಗ್ಗು ಮಾಡಿಕೊಳ್ಳಿ ಎಂದು ಕೆಲವರು ಸಲಹೆ ಕೊಟ್ಟರು. ಕಾದ ಎಂಜಿನ್ ಹಿಗ್ಗುತ್ತದೆ, ಗೇರ್ ಹಾಕಿ ಎಕ್ಸಿಲರೇಟರ್ ಒತ್ತಿದಾಗ ಹೊರಳುತ್ತದೆ. ಸ್ಟಿಯರಿಂಗ್ ಎಂಬುದು ಕೆಲವು ಮಿಲಿಮೀಟರುಗಳ ಭರವಸೆಯ ಮೇಲೆ ಬಿಡಬಹುದಾದ ಭಾಗವಲ್ಲ. ಆ ಜೋಡಿಯನ್ನು 120 ಪೌಂಡಿಗೆ ಮಾರಿ, 480 ಪೌಂಡಿಗೆ ಆರ್‌ವಿ8 ಮಾದರಿಯ ಸ್ಟೇನ್‌ಲೆಸ್ ಮ್ಯಾನಿಫೋಲ್ಡ್ ತರಿಸಿದೆ.

ಒಳಮಡ್ಗಾರ್ಡಿನಲ್ಲಿ ರಂಧ್ರ ತೆಗೆಯುವುದನ್ನು ಹೀಗೆ ಮಾಡಿದೆ. ಮೊದಲು ರಟ್ಟಿನಲ್ಲಿ ಕೊಳವೆಗಳ ಹೊರ ಆಕಾರವನ್ನು ಕತ್ತರಿಸಿ, ಹೆಡ್ಡಿನ ಪೋರ್ಟುಗಳಿಂದ ಅಳೆದು, ಒಳಮಡ್ಗಾರ್ಡಿನ ಮೇಲೆ ಗುರುತು ಹಾಕಿದೆ. ಗುರುತಿಗಿಂತ ಚಿಕ್ಕದಾಗಿ ಕತ್ತರಿಸಿ, ಮ್ಯಾನಿಫೋಲ್ಡ್ ಹಿಡಿದು ನೋಡಿ, ಅರದಿಂದ ಹಿಗ್ಗಿಸಿ, ಮತ್ತೆ ಹಿಡಿದು ನೋಡುತ್ತ, ಕೊಳವೆಯ ಸುತ್ತ 15 ಮಿ.ಮೀ. ಬಿಡುವು ಬಂದಾಗ ನಿಲ್ಲಿಸಿದೆ. ಹಾಗೆಯೇ ಬಿಟ್ಟರೆ ತೆರೆದ ಅಂಚಿನಿಂದ ಬಿರುಕು ಹೊರಡುತ್ತದೆ. ಅದಕ್ಕಾಗಿ ರಂಧ್ರದ ಸುತ್ತ 25 ಮಿ.ಮೀ. ಅಗಲದ ಪಟ್ಟಿಯನ್ನು ಬಾಗಿಸಿ ಚೌಕಟ್ಟಿನಂತೆ ಬೆಸೆದು, ಒಳಗೂ ಹೊರಗೂ ಜಿಂಕ್ ಪ್ರೈಮರ್ ಬಳಿದೆ. ಚಕ್ರದ ಕಡೆಯಿಂದ ನೀರು, ಕೆಸರು ಸಿಡಿಯದಂತೆ ರಬ್ಬರ್ ಪರದೆ ಕಟ್ಟಿದ್ದೇನೆ. ಈಗ ಸ್ಟಿಯರಿಂಗ್ ಶಾಫ್ಟಿಗೂ ಹತ್ತಿರದ ಕೊಳವೆಗೂ ನಡುವೆ ನನ್ನ ಎರಡು ಬೆರಳು ಆರಾಮವಾಗಿ ಹೋಗುತ್ತವೆ.

ಕೊಳವೆಗಳಿಗೆ ಸೆರಾಮಿಕ್ ಲೇಪ ಹಾಕಿಸಿದ್ದಕ್ಕೆ 210 ಪೌಂಡ್, ಅಲ್ಲಿಂದ ಹಿಂದಿನ ಸ್ಟೇನ್‌ಲೆಸ್ ಪೈಪ್ ಮತ್ತು ಸೈಲೆನ್ಸರಿಗೆ 540 ಪೌಂಡ್. ಲೇಪ ದುಬಾರಿ ಎನ್ನಿಸಿದರೂ ಬಿಡಬೇಡಿ. ಬಟ್ಟೆಯ ಪಟ್ಟಿ ಸುತ್ತುವುದು ಅಗ್ಗ, ಆದರೆ ಅದು ಚಕ್ರದ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಹಂತ 6: ಕಾರ್ಬುರೇಟರ್, ಬಾನೆಟ್, ಪೆಟ್ರೋಲ್

ಎಸ್‌ಡಿ1ರ ಮೂಲ ಮ್ಯಾನಿಫೋಲ್ಡು ಮತ್ತು ಜೋಡಿ ಎಸ್‌ಯು ಕಾರ್ಬುರೇಟರುಗಳು ಎಂಜಿಬಿಯ ಬಾನೆಟ್ಟಿನ ಕೆಳಗೆ ಹಿಡಿಸುವುದಿಲ್ಲ. ಕಾರ್ಖಾನೆಯವರು ತಮ್ಮ ವಿ8 ಕಾರಿನಲ್ಲಿ ಕಾರ್ಬುರೇಟರುಗಳನ್ನು ಹಿಂದಕ್ಕೆ, ಎಂಜಿನಿನ ಹಿಂದಿನ ಗೋಡೆಯಾದ ಬಲ್ಕ್‌ಹೆಡ್ಡಿನ ಹತ್ತಿರಕ್ಕೆ ಒಯ್ದಿದ್ದರು. ನಾನು ತಗ್ಗಾದ ಆಫೆನ್‌ಹೌಸರ್ ಮ್ಯಾನಿಫೋಲ್ಡಿನ ಮೇಲೆ 500 ಸಿಎಫ್‌ಎಮ್‌ನ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿಯ) ಎಡೆಲ್‌ಬ್ರಾಕ್ 1404 ಕಾರ್ಬುರೇಟರ್ ಹಾಕಿದೆ. ಎರಡಕ್ಕೂ ಸೇರಿ 640 ಪೌಂಡ್. ಫಿಲ್ಟರಿನ ಮೇಲೆ ಮಕ್ಕಳ ಆಟದ ಜೇಡಿಯ ಉಂಡೆಗಳನ್ನಿಟ್ಟು ಬಾನೆಟ್ ಮುಚ್ಚಿ ತೆರೆದು, ಚಪ್ಪಟೆಯಾದ ಉಂಡೆಯ ದಪ್ಪ ಅಳೆದಾಗ ಅತಿ ಕಡಿಮೆಯಿದ್ದ ಕಡೆ 9 ಮಿ.ಮೀ. ಬಿಡುವು ಬಂತು. ಬಾನೆಟ್ ಕತ್ತರಿಸಬೇಕಾಗಲಿಲ್ಲ.

ಬ್ರಿಟನ್ನಿನಲ್ಲಿ ಸೆಪ್ಟೆಂಬರ್ 2021ರಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಶೇ. 10ರವರೆಗೆ ಎಥನಾಲ್ ಬೆರೆತ ಇ10. ಹಳೆಯ ರಬ್ಬರ್ ಪೈಪುಗಳನ್ನು ಅದು ಒಳಗಿನಿಂದಲೇ ತಿನ್ನುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗಿನ ಎಲ್ಲ ಮೆತು ಪೈಪುಗಳನ್ನೂ ಎಥನಾಲ್ ತಡೆಯುವ ಆರ್9 ಗುಣಮಟ್ಟದವುಗಳಿಗೆ ಬದಲಾಯಿಸಿ, ಹೊಸ ವಿದ್ಯುತ್ ಪಂಪು ಮತ್ತು ಒತ್ತಡ ನಿಯಂತ್ರಕ ಹಾಕಿದೆ, 130 ಪೌಂಡ್. ಒತ್ತಡ 5 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್). ಓಡಿಸುವುದು ಇ5 ಸೂಪರ್ ಪೆಟ್ರೋಲಿನಲ್ಲೇ. ಭಾರತದಲ್ಲೂ ಈಗ ಎಥನಾಲ್ ಬೆರೆತ ಪೆಟ್ರೋಲೇ ಬರುತ್ತಿರುವುದರಿಂದ, ಊರಲ್ಲಿ ಹಳೆಯ ಕಾರು ಇಟ್ಟುಕೊಂಡಿರುವವರು ಬೇರೇನು ಮಾಡದಿದ್ದರೂ ಈ ಪೈಪುಗಳನ್ನು ಮೊದಲು ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಹಂತ 7: ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್

ಎಂಜಿಬಿಯ ಹಿಂದಿನ ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ತಿರುಗಬೇಕಾದ ಸುತ್ತು) 3.909, ಕಾರ್ಖಾನೆಯ ವಿ8ರದು 3.07. ಹಳೆಯದನ್ನೇ ಉಳಿಸಿಕೊಂಡರೆ, 185/70-14 ಟೈರಿನಲ್ಲಿ, ಐದನೆಯ ಗೇರು 0.79 ಆದಾಗ, ಗಂಟೆಗೆ 70 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,100 ಸುತ್ತು ತಿರುಗುತ್ತದೆ, ಮೊದಲ ಗೇರು ಹೊರಟ ಕೂಡಲೇ ಮುಗಿದುಹೋಗುತ್ತದೆ. 3.07 ಹಾಕಿದರೆ ಅದೇ ವೇಗಕ್ಕೆ 2,400 ಸಾಕು. ಕ್ರೌನ್ ವೀಲ್, ಪಿನಿಯನ್ ಮತ್ತು ಜೋಡಿಸಿದ ಕೂಲಿ ಸೇರಿ 650 ಪೌಂಡ್ ಆಯಿತು. ಹಲ್ಲುಗಳ ಹೊಂದಾಣಿಕೆಗೆ ಬೇಕಾದ ಸಲಕರಣೆ ನನ್ನಲ್ಲಿ ಇಲ್ಲವಾದ್ದರಿಂದ ಆ ಕೆಲಸವನ್ನು ಹೊರಗೆ ಕೊಟ್ಟೆ.

ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಅಳೆಯಬೇಕು. ಸ್ಟ್ಯಾಂಡಿನ ಮೇಲೆ ಆಕ್ಸಲ್ ಜೋತುಬಿದ್ದಾಗ ತೆಗೆದ ಅಳತೆ ಸರಿ ಹೊಂದುವುದಿಲ್ಲ. ಶಾಫ್ಟಿಗೆ 260 ಪೌಂಡ್. ಬ್ರೇಕಿಗೆ ವಿ8 ಮಾದರಿಯ ದಪ್ಪ ಡಿಸ್ಕು, ಕ್ಯಾಲಿಪರ್, ಪ್ಯಾಡ್, ಪೈಪ್, 410 ಪೌಂಡ್.

ಹಂತ 8: ಮೊದಲ ಚಾಲನೆ (ಏಪ್ರಿಲ್)

ಪ್ಲಗ್ಗುಗಳನ್ನೂ ಡಿಸ್ಟ್ರಿಬ್ಯೂಟರನ್ನೂ ತೆಗೆದು, ಡಿಸ್ಟ್ರಿಬ್ಯೂಟರಿನ ರಂಧ್ರದಿಂದ ಆಯಿಲ್ ಪಂಪಿನ ಶಾಫ್ಟಿಗೆ ಉದ್ದ ಬಿಟ್ ಇಳಿಸಿ, ಡ್ರಿಲ್ಲಿನಿಂದ ಬಲಸುತ್ತು ತಿರುಗಿಸಿದೆ. ಮೊದಲು ಡ್ರಿಲ್ ಹಗುರವಾಗಿ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ಇಳಿದು, ಕೈಗೆ ಭಾರ ತಿಳಿಯಿತು, ಆಯಿಲ್ ಒತ್ತಡದ ಮುಳ್ಳು 40 ಪಿಎಸ್‌ಐಗೆ ಏರಿತು. ರಾಕರುಗಳ ಮೇಲೆ ಎಣ್ಣೆ ಉಕ್ಕುವವರೆಗೂ ತಿರುಗಿಸಿ ನಿಲ್ಲಿಸಿದೆ. ಕಿಡಿಯ ಟೈಮಿಂಗನ್ನು ಬಿಟಿಡಿಸಿ (ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲು) 6 ಡಿಗ್ರಿಗೆ ಇಟ್ಟು, ಸಿಲಿಂಡರುಗಳು ಉರಿಯುವ 1-8-4-3-6-5-7-2 ಕ್ರಮದಲ್ಲಿ ವೈರುಗಳನ್ನು ಜೋಡಿಸಿದೆ. ಎಡಬ್ಯಾಂಕಿನಲ್ಲಿ ಬೆಸ ಸಂಖ್ಯೆಗಳು, ಬಲದಲ್ಲಿ ಸಮ.

ಹೊಸ ಕ್ಯಾಮ್ ಇದ್ದಾಗ ಎಂಜಿನನ್ನು ಐಡಲ್‌ನಲ್ಲಿ ಬಿಡಬಾರದು. ಶುರುವಾದೊಡನೆ 2,000ದಿಂದ 2,500 ಸುತ್ತಿಗೆ ಏರಿಸಿ, ಇಪ್ಪತ್ತು ನಿಮಿಷ ಅಲ್ಲೇ ಇಡಬೇಕು. ಆಗಲೇ ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳುವುದು. ಸತು ಹೆಚ್ಚಿರುವ 20ಡಬ್ಲ್ಯು-50 ಆಯಿಲ್ ಬಳಸಿದೆ. ಕಾದ ಮೇಲೆ ಒತ್ತಡ 2,400 ಸುತ್ತಿನಲ್ಲಿ 34 ಪಿಎಸ್‌ಐ. ಎಂಜಿಬಿಯ ಹಳೆಯ ಎಂಜಿನಿನ 60ರ ಆಸುಪಾಸಿನ ಓದಿಗೆ ಒಗ್ಗಿದವರು ಇದನ್ನು ಕಂಡು ಗಾಬರಿಯಾಗುವುದುಂಟು, ರೋವರ್ ವಿ8ಗೆ 30ರಿಂದ 40 ಸಹಜ. ಟ್ಯಾಕೋಮೀಟರು ನಾಲ್ಕು ಸಿಲಿಂಡರಿನ ಲೆಕ್ಕದ್ದಾದ್ದರಿಂದ ಅದನ್ನೂ ತಿದ್ದಿಸಬೇಕಾಯಿತು. ಅಲ್ಲಿಯವರೆಗೆ ಕೈಯಲ್ಲಿ ಹಿಡಿಯುವ ಮೀಟರೇ ಆಧಾರ.

ಹಂತ 9: ಬಿಸಿ

390 ಪೌಂಡಿನ ವಿ8 ರೇಡಿಯೇಟರ್, 150 ಪೌಂಡಿನ ಜೋಡಿ ಫ್ಯಾನ್, 82 ಡಿಗ್ರಿಯ ಥರ್ಮೋಸ್ಟಾಟ್. ಓಡುವಾಗ ಮುಳ್ಳು 84ರಲ್ಲೇ ನಿಂತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಎರಡೂ ಫ್ಯಾನ್ ತಿರುಗುತ್ತಿದ್ದರೂ 105ರವರೆಗೆ ಏರುತ್ತಿತ್ತು. ಮೊದಲು ಗಾಳಿಗುಳ್ಳೆಯೆಂದು ಭಾವಿಸಿ ಥರ್ಮೋಸ್ಟಾಟಿನ ತಟ್ಟೆಯಲ್ಲಿ 3 ಮಿ.ಮೀ. ರಂಧ್ರ ಕೊರೆದು, ಕಾರಿನ ಮೂತಿ ಎತ್ತಿ ನೀರು ತುಂಬಿದೆ. ಹೀಟರು ಚೆನ್ನಾಗಿ ಬಿಸಿಯಾಗತೊಡಗಿತು, ಆದರೆ ಸಿಗ್ನಲ್ಲಿನಲ್ಲಿ ಏರುವುದು ತಪ್ಪಲಿಲ್ಲ. ಫ್ಯಾನುಗಳ ದಿಕ್ಕು ಸರಿಯಿತ್ತು.

ಕಾರಣ ಸಿಕ್ಕಿದ್ದು ಒಂದು ಟಿಶ್ಯೂ ಕಾಗದದಿಂದ. ಫ್ಯಾನ್ ತಿರುಗುವಾಗ ರೇಡಿಯೇಟರಿನ ಮುಂದೆ ಅದನ್ನು ಹಿಡಿದರೆ ಮಧ್ಯದಲ್ಲಿ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ಅಂಚಿನ ಸಂದುಗಳ ಹತ್ತಿರ ತಂದರೆ ನನ್ನ ಕಡೆಗೇ ಹಾರುತ್ತಿತ್ತು. ಎಂಜಿನ್ ಕಡೆಗೆ ಹೋದ ಬಿಸಿಗಾಳಿಯೇ ಪಕ್ಕದ ಸಂದುಗಳಿಂದ ಸುತ್ತಿ ಮುಂದೆ ಬಂದು ಮತ್ತೆ ರೇಡಿಯೇಟರಿನೊಳಗೆ ಹೋಗುತ್ತಿತ್ತು. ರೇಡಿಯೇಟರಿನ ಎರಡೂ ಪಕ್ಕ ಮತ್ತು ಮೇಲ್ಭಾಗವನ್ನು 1.5 ಮಿ.ಮೀ. ಅಲ್ಯೂಮಿನಿಯಂ ತಗಡಿನಿಂದ ಮುಚ್ಚಿ, ಅಂಚಿಗೆ ಫೋಮ್ ಪಟ್ಟಿ ಅಂಟಿಸಿದೆ. ಮನೆಯಲ್ಲಿದ್ದ ತಗಡು, ಖರ್ಚಿಲ್ಲ. ಅಂದಿನಿಂದ ಎಷ್ಟು ಹೊತ್ತು ನಿಂತರೂ 93 ದಾಟಿಲ್ಲ. ಇನ್ನೂ ದೊಡ್ಡ ರೇಡಿಯೇಟರ್ ಕೊಳ್ಳುವ ಮೊದಲು ಈ ಸಂದುಗಳನ್ನು ಮುಚ್ಚಿ ನೋಡಿ.

ಬಿಸಿಯ ಇನ್ನೊಂದು ತೊಂದರೆ, ನಿಲ್ಲಿಸಿ ಹತ್ತು ನಿಮಿಷದ ನಂತರ ಎಂಜಿನ್ ಶುರುವಾಗದಿರುವುದು. ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಕುದಿಯುತ್ತಿತ್ತು. ಕೆಳಗೆ ಬಿಸಿ ತಡೆಯುವ 12 ಮಿ.ಮೀ. ಫಿನಾಲಿಕ್ ಹಲಗೆ ಇಟ್ಟರೆ ಪರಿಹಾರ ನಿಶ್ಚಿತ, ಆದರೆ ಬಾನೆಟ್ಟಿಗೆ ಇದ್ದ ಬಿಡುವೇ 9 ಮಿ.ಮೀ. 6 ಮಿ.ಮೀ. ಹಲಗೆ ಹಾಕಿ, ಪೆಟ್ರೋಲ್ ಪೈಪನ್ನು ಎಂಜಿನಿನ ಮೇಲಿನಿಂದ ತೆಗೆದು ಮುಂದಿನಿಂದ ಸುತ್ತಿಸಿದೆ. ತೊಂದರೆ ಬಹುಪಾಲು ಹೋಗಿದೆ. ಕಡು ಬೇಸಿಗೆಯ ಮಧ್ಯಾಹ್ನಗಳಲ್ಲಿ ಈಗಲೂ ಸ್ವಲ್ಪ ಹೊತ್ತು ಸ್ಟಾರ್ಟರ್ ತಿರುಗಿಸಬೇಕಾಗುತ್ತದೆ.

ಹಂತ 10: ಕಾಗದಪತ್ರ ಮತ್ತು ಲೆಕ್ಕ

ಎಂಜಿನ್ ಸಂಖ್ಯೆ ಮತ್ತು ಸಿಸಿ ಬದಲಾದುದನ್ನು ಇಲ್ಲಿಯ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ತಿಳಿಸಿ, ಪುರಾವೆ ಕೊಟ್ಟು, ನೋಂದಣಿ ಪತ್ರ ತಿದ್ದಿಸಿದ್ದೇನೆ. ವಿಮೆಯವರಿಗೂ ಪ್ರತಿ ಬದಲಾವಣೆಯನ್ನು ಬರಹದಲ್ಲಿ ತಿಳಿಸಿದ್ದೇನೆ. 40 ವರ್ಷ ದಾಟಿದ, ದೊಡ್ಡ ಮಾರ್ಪಾಡಿಲ್ಲದ ಕಾರಿಗೆ ಇಲ್ಲಿ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಎಂಜಿನನ್ನೇ ಬದಲಾಯಿಸಿದ ಕಾರಿಗೆ ಆ ವಿನಾಯಿತಿ ಕೇಳುವುದು ನನಗೆ ಸರಿಕಾಣದೆ ತಪಾಸಣೆಗೆ ಒಯ್ದೆ. ಈ ಕಾರು ತಯಾರಾದ ಕಾಲದ ಕಾರುಗಳಿಗೆ ಹೊಗೆಯ ಮಿತಿ ಕಾರ್ಬನ್ ಮೊನಾಕ್ಸೈಡ್ ಶೇ. 4.5, ಹೈಡ್ರೋಕಾರ್ಬನ್ 1,200 ಪಿಪಿಎಂ, ನಮ್ಮದು ಶೇ. 2.8 ಮತ್ತು 380.

ಮೇಲೆ ಬರೆದ ಎಲ್ಲ ಖರ್ಚೂ, ಮೊದಲ ಮ್ಯಾನಿಫೋಲ್ಡಿನಲ್ಲಿ ಹೋದ 40 ಪೌಂಡೂ ಸೇರಿ 6,690 ಪೌಂಡ್. ಹಳೆಯ ಎಂಜಿನಿನಿಂದ ಬಂದ 550 ಕಳೆದರೆ 6,140. ಆಯಿಲ್, ಬಣ್ಣ, ಬೋಲ್ಟು, ವೆಲ್ಡಿಂಗ್ ಗ್ಯಾಸ್ ಇದರಲ್ಲಿ ಸೇರಿಲ್ಲ. ಒಟ್ಟು ಮೊತ್ತದಲ್ಲಿ ಎಕ್ಸಾಸ್ಟ್ ಮತ್ತು ತಂಪಿನ ಪಾಲು, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೊಂಡ ಬೆಲೆಗಿಂತ ಹೆಚ್ಚು.

ಉಳಿದಿರುವ ಕೆಲಸ ಸ್ಪೀಡೋಮೀಟರಿನದು. ಗೇರ್‌ಬಾಕ್ಸು ಮತ್ತು ಆಕ್ಸಲ್ ಎರಡೂ ಬದಲಾದ್ದರಿಂದ, ಜಿಪಿಎಸ್‌ನಲ್ಲಿ 70 ಮೈಲಿ ಇದ್ದಾಗ ಅದು 58 ತೋರಿಸುತ್ತದೆ. ಮುಂದಿನ ತಿಂಗಳು ಅದನ್ನು ಬಿಚ್ಚಿ ತಿದ್ದುಪಡಿಗೆ ಕಳುಹಿಸುತ್ತೇನೆ; ಕಾರು ಒಂದು ಮೈಲಿ ಹೋದಾಗ ಕೇಬಲ್ ಎಷ್ಟು ಸುತ್ತು ತಿರುಗುತ್ತದೆಂದು ಅವರು ಕೇಳುವುದರಿಂದ, ಹಿಂದಿನ ಚಕ್ರಗಳು ಆರು ಸುತ್ತು ಉರುಳುವಷ್ಟು ದೂರ ಕಾರನ್ನು ತಳ್ಳಿ, ಕೇಬಲಿನ ತುದಿಗೆ ರಟ್ಟಿನ ಮುಳ್ಳು ಸಿಕ್ಕಿಸಿ, ಸುತ್ತು ಎಣಿಸಿ ಬರೆದಿಟ್ಟುಕೊಂಡಿದ್ದೇನೆ.